15 ವರ್ಷ ತುಂಬಿದ ಬೈಕಿಗೆ ಎಫ್‌ಸಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ನಮ್ಮ ಅಪ್ಪನ 100 ಸಿಸಿ ಬೈಕ್ ಎಫ್‌ಸಿಗೆ, ಅಂದ್ರೆ ಆರ್‌ಸಿ ರಿನ್ಯೂವಲ್‌ಗೆ ಮುಂಚಿನ ಆರ್‌ಟಿಓ ತಪಾಸಣೆಗೆ ಹೋಗಿ ಮೊದಲ ಸಲ ವಾಪಸ್ ಬಂದಿದ್ದು ಇಂಜಿನ್ ಕೆಟ್ಟಿದೆ ಅಂತಲ್ಲ, ಚಾಸಿ ನಂಬರ್ ಮೇಲೆ ತುಕ್ಕು ಕೂತು ಕೊನೆಯ ನಾಲ್ಕು ಅಂಕಿ ಕಾಣ್ತಿರಲಿಲ್ಲ, ಜೊತೆಗೆ ಮುಂದಿನ ಬ್ರೇಕ್ ಹಿಡಿದ್ರೆ ಹಿಂದಿನ ಲೈಟ್ ಹತ್ತುತಿರಲಿಲ್ಲ. ಎರಡೂ ಮನೇಲೇ ಒಂದು ಸಂಜೆ ಕೂತು ಸರಿಮಾಡೋ ಕೆಲಸ. ಆಮೇಲೆ ಗೊತ್ತಿರೋರ ಏಳೆಂಟು ಗಾಡಿ ಎಫ್‌ಸಿಗೆ ರೆಡಿ ಮಾಡಿಕೊಟ್ಟೆ, ಎಲ್ಲಾ ಕಡೆನೂ ಅದೇ ಕಥೆ, ಜನ ಮೂರು ಸಾವಿರ ಕೊಟ್ಟು ಟ್ಯಾಂಕಿಗೆ ಪೇಂಟ್ ಮಾಡಿಸ್ತಾರೆ, ಸೀಟ್ ಕವರ್ ಹಾಕಿಸ್ತಾರೆ, ಆದ್ರೆ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಕತ್ತಿನ ಬೇರಿಂಗ್) ಹೋಗಿರುತ್ತೆ, ಬ್ರೇಕ್ ಶೂ ಸವೆದಿರುತ್ತೆ, ಆರ್‌ಸಿಲಿ ಹತ್ತು ವರ್ಷದ ಹಿಂದೆ ತೀರಿಸಿದ ಸಾಲದ ಬ್ಯಾಂಕ್ ಹೆಸರು ಹಾಗೇ ಇರುತ್ತೆ.

ಅದಕ್ಕೆ ಇಲ್ಲಿ ಕೆಲಸದ ಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೀನಿ. ಒಂದೊಂದು ಕೆಲಸನೂ ಸುಲಭ, ಆದ್ರೆ ಹಿಂದುಮುಂದಾದ್ರೆ ಒಂದೇ ಕೆಲಸ ಎರಡು ಸಲ ಮಾಡ್ಬೇಕಾಗುತ್ತೆ.

## 1. ದಿನಾಂಕ ನೋಡಿ, ಆರ್‌ಸಿ ಪೂರ್ತಿ ಓದಿ

ಸ್ವಂತ ಬಳಕೆಯ ಬೈಕಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ರಿನ್ಯೂವಲ್ ಆದ್ರೆ ಮತ್ತೆ 5 ವರ್ಷ ಸಿಗುತ್ತೆ. ಅರ್ಜಿ ಫಾರಂ 25ರಲ್ಲಿ, ಅವಧಿ ಮುಗಿಯೋಕೆ 60 ದಿನ ಇರುವಾಗಿಂದ ಹಾಕಬಹುದು, ಅದಕ್ಕಿಂತ ಮುಂಚೆ ಆಗಲ್ಲ. ಅವಧಿ ಮುಗಿದ ಮೇಲೆ ರಿನ್ಯೂವಲ್ ಆಗೋವರೆಗೂ ಆ ಗಾಡಿ ರಸ್ತೆಗೆ ತರೋ ಹಾಗೇ ಇಲ್ಲ, ಕಾನೂನಿನ ಪ್ರಕಾರ ಅದು ರಿಜಿಸ್ಟರ್ ಆಗದ ಗಾಡಿ ಲೆಕ್ಕ. 2022ರ ಏಪ್ರಿಲ್‌ನಿಂದ ಬೈಕಿನ ರಿನ್ಯೂವಲ್ ಫೀ 300ರಿಂದ 1000 ರೂಪಾಯಿ ಆಯ್ತು, ತಡ ಮಾಡಿದ ಪ್ರತಿ ತಿಂಗಳಿಗೆ 300 ಸೇರುತ್ತೆ ಅಂತ ನಿಯಮ. ಇದರ ಮೇಲೆ ಹಸಿರು ತೆರಿಗೆ ಬೇರೆ. ಕಟ್ಟೋ ದಿನ ಸರ್ಕಾರದ ಪರಿವಾಹನ್ ಸೈಟಲ್ಲಿ ತೋರಿಸೋ ಮೊತ್ತನೇ ಅಂತಿಮ.

ಈಗ ಆರ್‌ಸಿ ಕೈಗೆ ತಗೊಂಡು ಒಂದೊಂದೇ ಸಾಲು ಓದಿ. ಹೆಸರು, ವಿಳಾಸ, ಬಣ್ಣ, ಚಾಸಿ ನಂಬರ್, ಇಂಜಿನ್ ನಂಬರ್. ಕರಿ ಬೈಕನ್ನ ಕೆಂಪು ಮಾಡ್ಸಿದ್ರೆ ಅಲ್ಲೇ ಪ್ರಶ್ನೆ ಬರುತ್ತೆ. ಇಂಜಿನ್ ಕೇಸ್ ಬದಲಾಯಿಸಿದ್ರೆ ನಂಬರ್ ಹೊಂದಲ್ಲ, ಅದನ್ನ ಮೊದಲು ಆರ್‌ಸಿಲಿ ಸೇರಿಸಿಕೊಳ್ಳಬೇಕು.

ಮುಖ್ಯವಾಗಿ ಹೈಪೊಥಿಕೇಶನ್ ಕಾಲಂ (ಗಾಡಿ ಮೇಲೆ ಯಾರ ಸಾಲ ಇದೆ ಅನ್ನೋದು) ನೋಡಿ. ಸಾಲ ತೀರಿದ ತಕ್ಷಣ ಬ್ಯಾಂಕ್ ಹೆಸರು ತಾನಾಗೇ ಹೋಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಹೋಗಲ್ಲ. ಬ್ಯಾಂಕ್‌ನಿಂದ ಎನ್‌ಒಸಿ (ಸಾಲ ತೀರಿದೆ, ಅಭ್ಯಂತರ ಇಲ್ಲ ಅನ್ನೋ ಪತ್ರ) ಮತ್ತು ಫಾರಂ 35 ತಂದು ನಾವೇ ತೆಗೆಸಬೇಕು. ಆ ಫೈನಾನ್ಸ್ ಕಂಪನಿ ಬೇರೆ ಕಂಪನಿ ಜೊತೆ ಸೇರಿಹೋಗಿದ್ರೆ ಪತ್ರ ಸಿಗೋಕೇ ವಾರಗಟ್ಟಲೆ ಹಿಡಿಯುತ್ತೆ, ಆದ್ದರಿಂದ ಸ್ಪಾನರ್ ಮುಟ್ಟೋಕೆ ಮುಂಚೆ ಈ ಕೆಲಸ ಶುರು ಮಾಡಿ. ಟ್ರಾಫಿಕ್ ಫೈನ್ ಬಾಕಿ ಇದ್ರೆ ಅದನ್ನೂ ಇವತ್ತೇ ಕಟ್ಟಿಬಿಡಿ.

## 2. ಸಾಮಾನು ಹೊಂದಿಸ್ಕೊಳ್ಳಿ

8ರಿಂದ 17ರವರೆಗಿನ ಸ್ಪಾನರ್, ಪ್ಲಗ್ ಸ್ಪಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಅಗ್ಗದ ಒಂದು ಮಲ್ಟಿಮೀಟರ್, ಗಾಳಿ ನೋಡೋ ಗೇಜ್, ಟಾರ್ಚ್, ಸೀಮೆಎಣ್ಣೆ ಅಥವಾ ಡೀಸೆಲ್, ಹಳೇ ಟೂತ್‌ಬ್ರಶ್, ಗ್ರೀಸ್, ಬಟ್ಟೆ. ವಾಲ್ವ್ ಸೆಟ್ಟಿಂಗ್ ನೀವೇ ಮಾಡೋದಾದ್ರೆ ಸಂದಿ ಅಳೆಯೋ ಫೀಲರ್ ಗೇಜ್. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯಾದ್ರೆ ಎತ್ತಿ ನಿಲ್ಲಿಸೋಕೆ ಗಟ್ಟಿಯಾಗಿರೋದು ಏನಾದ್ರೂ ಬೇಕು, ಇಟ್ಟಿಗೆ ಮೇಲೆ ನಿಲ್ಲಿಸಿ ಕೆಳಗೆ ಕೈ ಹಾಕಬೇಡಿ.

## 3. ಚಾಸಿ ನಂಬರ್ ಹುಡುಕಿ, ಆದ್ರೆ ಉಜ್ಜಬೇಡಿ

ಸಾಮಾನ್ಯವಾಗಿ ಹ್ಯಾಂಡಲ್ ಕತ್ತಿನ ಪಕ್ಕ ಫ್ರೇಮ್ ಮೇಲೆ 17 ಅಕ್ಷರ-ಅಂಕಿ ಗುದ್ದಿರುತ್ತೆ, ಕೇಬಲ್ ಮತ್ತು ವೈರ್ ಹಿಂದೆ ಅಡಗಿರುತ್ತೆ. ಇಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಕೆಳಭಾಗದಲ್ಲಿ, ಆಯಿಲ್ ಮಣ್ಣು ಸೇರಿ ಗಟ್ಟಿಯಾದ ಪದರದ ಒಳಗೆ.

ಸೀಮೆಎಣ್ಣೆ ಹಚ್ಚಿ ರಾತ್ರಿ ಬಿಡಿ, ಬೆಳಗ್ಗೆ ಟೂತ್‌ಬ್ರಶ್‌ನಲ್ಲಿ ತಿಕ್ಕಿ, ಮತ್ತೆ ಹಚ್ಚಿ. ತಾಳ್ಮೆಯಿಂದ ಎರಡು-ಮೂರು ದಿನ ಮಾಡಿದ್ರೆ ಬಿಡುತ್ತೆ. ಬಿಳಿ ಹಾಳೆ ಇಟ್ಟು ಪೆನ್ಸಿಲ್ ಓಡಿಸಿ ನೋಡಿ, ಎಲ್ಲಾ ಅಕ್ಷರನೂ ಮೂಡಿದ್ರೆ ಸಾಕು, ಆ ಪೆನ್ಸಿಲ್ ಪ್ರಿಂಟೇ ಅರ್ಜಿ ಜೊತೆ ಬೇಕಾಗೋದು.

ಇಲ್ಲಿ ಮಾಡೋ ದೊಡ್ಡ ತಪ್ಪು ಅಂದ್ರೆ ಎಮೆರಿ ಪೇಪರ್, ವೈರ್ ಬ್ರಶ್, ಗ್ರೈಂಡರ್. ಅಂಕಿ ಸವೆದುಹೋದ್ರೆ ಅಥವಾ ಅದರ ಸುತ್ತ ಉಜ್ಜಿದ ಗುರುತು ಇದ್ರೆ ಕದ್ದ ಗಾಡಿ ನಂಬರ್ ತಿದ್ದಿರಬಹುದು ಅನ್ನೋ ಅನುಮಾನ ಬರುತ್ತೆ, ಆಮೇಲೆ ಅದನ್ನ ಬಿಡಿಸ್ಕೊಳ್ಳೋದು ತುಂಬಾ ಕಷ್ಟ. ಫ್ರೇಮಿಗೆ ಪೇಂಟ್ ಮಾಡಿಸೋರೂ ಅಷ್ಟೇ, ಆ ಜಾಗಕ್ಕೆ ಟೇಪ್ ಹಾಕಿಸಿ, ದಪ್ಪ ಪೇಂಟ್ ಕೂತ್ರೆ ಪೆನ್ಸಿಲ್ ಪ್ರಿಂಟ್ ಮೂಡಲ್ಲ.

ಕರಾವಳಿ, ಮಲೆನಾಡಿನ ಗಾಡಿಯಾದ್ರೆ ಇದೇ ಹೊತ್ತಲ್ಲಿ ಫ್ರೇಮ್ ಕೆಳಗಿನ ಪೈಪ್, ಸ್ಟ್ಯಾಂಡ್ ಕೂರೋ ಜಾಗ, ಸೀಟ್ ಕೆಳಗಿನ ಬೆಸುಗೆ ಎಲ್ಲಾ ಟಾರ್ಚ್ ಹಾಕಿ ನೋಡಿ. ಮೇಲ್ಮೈ ತುಕ್ಕು ಪರವಾಗಿಲ್ಲ. ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟಿದ್ರೆ ಟಣ್ ಅನ್ನೋ ಬದಲು ಮಂಕಾದ ಸದ್ದು ಬಂದ್ರೆ, ಪದರ ಪದರವಾಗಿ ಉದುರಿದ್ರೆ, ಬೇರೆ ಯಾವ ಖರ್ಚೂ ಮಾಡೋಕೆ ಮುಂಚೆ ಒಳ್ಳೆ ಮೆಕ್ಯಾನಿಕ್‌ಗೆ ತೋರಿಸಿ, ಈ ಗಾಡಿ ಉಳಿಸೋದಾ ಬೇಡ್ವಾ ಅನ್ನೋದು ಇಲ್ಲೇ ತೀರ್ಮಾನ ಆಗಬೇಕು.

## 4. ಕೋನ್ ಸೆಟ್, ಬೇರಿಂಗ್, ಫೋರ್ಕ್, ಬುಷ್

ಬ್ರೇಕ್, ಚೈನ್ ಮುಟ್ಟೋಕೆ ಮುಂಚೆ ಇದು, ಯಾಕಂದ್ರೆ ಇದಕ್ಕೆ ಚಕ್ರ ಬಿಚ್ಚಬೇಕಾಗಬಹುದು.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನ ಕೂರಿಸಿ ಮುಂದಿನ ಚಕ್ರ ಎತ್ತಿ. ಹ್ಯಾಂಡಲ್ ತುದಿ ಎರಡು ಬೆರಳಲ್ಲಿ ಹಿಡಿದು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ತಿರುಗಿಸಿ. ಸರಿಯಾಗಿ ಮಧ್ಯಕ್ಕೆ ಬಂದಾಗ ಟಕ್ ಅಂತ ಕೂತಂಗೆ ಆಗುತ್ತಾ? ಹಾಗಾದ್ರೆ ಕೋನ್ ಒಳಗೆ ಬಾಲ್ಸ್ ಕೂತು ಕೂತು ಗುಳಿ ಬಿದ್ದಿದೆ. ಆಮೇಲೆ ಫೋರ್ಕ್ ಕೆಳಗೆ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿ, ಕತ್ತಿನ ಹತ್ರ ಆಟ ಇದ್ರೆ ಲೂಸ್.

ಲೂಸ್ ಮಾತ್ರ ಆಗಿದ್ರೆ ಟೈಟ್ ಮಾಡಿದ್ರೆ ಸರಿಹೋಗುತ್ತೆ. ಆದ್ರೆ ಗುಳಿ ಬಿದ್ದಿರೋದನ್ನ ಟೈಟ್ ಮಾಡಿದ್ರೆ ಇನ್ನೂ ಕೆಟ್ಟದ್ದಾಗುತ್ತೆ, ಹ್ಯಾಂಡಲ್ ಮಧ್ಯದಲ್ಲಿ ಕಚ್ಚಿಕೊಂಡು ಗಾಡಿ ಸಣ್ಣ ಸ್ಪೀಡಲ್ಲಿ ಅಡ್ಡಾಡುತ್ತೆ, ಗುಂಡಿ ತಪ್ಪಿಸೋಕೆ ಹೋದಾಗ ತಿರುಗೋದೇ ಇಲ್ಲ. ಗ್ಯಾರೇಜಲ್ಲಿ "ಸ್ವಲ್ಪ ಟೈಟ್ ಮಾಡಿದೀನಿ ಸಾರ್, ಎಫ್‌ಸಿ ಆಗೋವರೆಗೂ ನಡೆಯುತ್ತೆ" ಅಂದ್ರೆ ಒಪ್ಪಬೇಡಿ. ಕೋನ್ ಸೆಟ್ ದೊಡ್ಡ ದುಡ್ಡಿನ ಸಾಮಾನಲ್ಲ, ಮೇಲೆ ಕೆಳಗೆ ಎರಡೂ ಬದಲಾಯಿಸಿ ಗ್ರೀಸ್ ಹಾಕಿಸಿ.

ಚಕ್ರ ಎತ್ತಿರುವಾಗಲೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಟಕ ಟಕ ಅಂದ್ರೆ ವೀಲ್ ಬೇರಿಂಗ್. ಹಿಂದಿನ ಚಕ್ರ ಎಡಕ್ಕೆ ಬಲಕ್ಕೆ ಎಳೆದಾಗ ಚಕ್ರದ ಜೊತೆ ಅದನ್ನ ಹಿಡಿದಿರೋ ಸ್ವಿಂಗ್ ಆರ್ಮ್ ಕೂಡ ಅಲ್ಲಾಡಿದ್ರೆ ಅದರ ಬುಷ್ ಹೋಗಿದೆ. ಚಕ್ರ ತಿರುಗಿಸಿ ಕಡ್ಡಿಗಳನ್ನ ಸ್ಪಾನರ್‌ನಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ, ಎಲ್ಲಾದಕ್ಕೂ ಸುಮಾರು ಒಂದೇ ಸದ್ದು ಬರಬೇಕು, ಮಂಕು ಸದ್ದು ಬಂದಿದ್ದು ಲೂಸ್.

ಫೋರ್ಕ್ ಪೈಪ್ ಬಟ್ಟೆಯಲ್ಲಿ ಒಣಗಿಸಿ ಒರೆಸಿ, ಮುಂದಿನ ಬ್ರೇಕ್ ಹಿಡಿದು ಹತ್ತು ಸಲ ಒತ್ತಿ. ಪೈಪ್ ಮೇಲೆ ಎಣ್ಣೆಯ ಉಂಗುರ ಮೂಡಿದ್ರೆ ಆಯಿಲ್ ಸೀಲ್ ಹೋಗಿದೆ. ಸೀಲ್ ಹಾಕಿಸೋಕೆ ಮುಂಚೆ ಪೈಪಿನ ಮೇಲೆ ಉಗುರು ಓಡಿಸಿ, ತುಕ್ಕಿನ ಗುಂಡಿ ಉಗುರಿಗೆ ತಾಗಿದ್ರೆ ಅದೇ ಹೊಸ ಸೀಲನ್ನೂ ತಿಂದುಹಾಕುತ್ತೆ, ಪೈಪ್ ಬದಲಾಯಿಸದೆ ಸೀಲ್ ಮಾತ್ರ ಹಾಕಿಸೋದು ದುಡ್ಡು ದಂಡ.

## 5. ಟೈರ್, ಆಮೇಲೆ ಚೈನ್, ಆಮೇಲೆ ಬ್ರೇಕ್

ಈ ಮೂರರ ಕ್ರಮ ತಪ್ಪಿಸಬೇಡಿ, ನಾನು ಕಂಡ ಹಾಗೆ ಜನ ಅತಿ ಹೆಚ್ಚು ತಪ್ಪು ಮಾಡೋದು ಇಲ್ಲೇ.

ಟೈರ್ ಬದಲಾಯಿಸೋದಿದ್ರೆ ಚಕ್ರ ಬಿಚ್ಚಲೇಬೇಕು, ಬಿಚ್ಚಿದ್ರೆ ಚೈನ್ ಸೆಟ್ಟಿಂಗ್ ಹೋಗುತ್ತೆ. ಚೈನ್ ಟೈಟ್ ಮಾಡೋಕೆ ಹಿಂದಿನ ಚಕ್ರ ಹಿಂದಕ್ಕೆ ಎಳೀತೀವಿ, ಆಗ ಬ್ರೇಕ್ ರಾಡ್ ಕೂಡ ಎಳೆದುಕೊಂಡು ಬ್ರೇಕ್ ತಾನಾಗೇ ಬಿಗಿಯಾಗುತ್ತೆ. ಅದಕ್ಕೆ ಬ್ರೇಕ್ ಕೊನೆಗೆ. ಮೊದಲು ಬ್ರೇಕ್ ಸೆಟ್ ಮಾಡಿ ಆಮೇಲೆ ಚೈನ್ ಎಳೆದವರ ಗಾಡಿ ಬ್ರೇಕ್ ಹಿಡಿದುಕೊಂಡೇ ಓಡುತ್ತೆ, ಡ್ರಮ್ ಬಿಸಿಯಾಗುತ್ತೆ, ಮೈಲೇಜ್ ಬೀಳುತ್ತೆ, ಅವರು ಕಾರ್ಬೊರೇಟರ್ ಬಿಚ್ಚೋಕೆ ಹೋಗ್ತಾರೆ.

ಟೈರ್: ದ್ವಿಚಕ್ರಕ್ಕೆ ಕಾನೂನಿನ ಕನಿಷ್ಠ ಗ್ರಿಪ್ ಆಳ 0.8 ಮಿಲಿಮೀಟರ್. ಟೈರ್ ಪಕ್ಕದಲ್ಲಿ ಟಿಡಬ್ಲ್ಯುಐ ಅಂತ ಗುರುತು ಇರುತ್ತೆ, ಅದರ ನೇರಕ್ಕೆ ಗ್ರಿಪ್ ಸಂದಿಯೊಳಗೆ ಚಿಕ್ಕ ದಿಣ್ಣೆ ಇದೆ, ಗ್ರಿಪ್ ಆ ದಿಣ್ಣೆ ಮಟ್ಟಕ್ಕೆ ಬಂದಿದ್ರೆ ಮುಗೀತು. ಕಡಿಮೆ ಓಡಿದ ಹಳೇ ಗಾಡಿಗಳಲ್ಲಿ ಗ್ರಿಪ್ ಚೆನ್ನಾಗಿರುತ್ತೆ, ಆದ್ರೆ ರಬ್ಬರ್ ಸತ್ತಿರುತ್ತೆ. ಪಕ್ಕದಲ್ಲಿ ನಾಲ್ಕಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ, 2312 ಅಂದ್ರೆ 2012ರ 23ನೇ ವಾರ ತಯಾರಾಗಿದ್ದು. ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳಿದ್ರೆ ಗ್ರಿಪ್ ನೋಡಿ ಮೋಸ ಹೋಗಬೇಡಿ, ಬದಲಾಯಿಸಿ.

ಚೈನ್: ಸಾಮಾನ್ಯ 100ರಿಂದ 150 ಸಿಸಿ ಗಾಡಿಗೆ ಮಧ್ಯದಲ್ಲಿ ಮೇಲೆ ಕೆಳಗೆ 25ರಿಂದ 35 ಮಿಲಿಮೀಟರ್ ಆಟ, ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಬೇರೆ ಇದ್ರೆ ಅದೇ ಸರಿ. ಹಳೇ ಚೈನ್ ಎಲ್ಲಾ ಕಡೆ ಒಂದೇ ಸಮ ಇರಲ್ಲ, ಚಕ್ರ ತಿರುಗಿಸುತ್ತಾ ಎಲ್ಲಿ ಅತಿ ಟೈಟ್ ಇದೆಯೋ ಅಲ್ಲಿ ಅಳೆಯಿರಿ. ಎರಡೂ ಬದಿಯ ಗೆರೆ ಗುರುತು ಸಮ ಇರಲಿ. ಹಿಂದಿನ ಸ್ಪ್ರಾಕೆಟ್ ಮೇಲೆ ಚೈನನ್ನ ಬೆರಳಲ್ಲಿ ಹಿಂದಕ್ಕೆ ಎಳೆದಾಗ ಹಲ್ಲು ಅರ್ಧ ಕಾಣಿಸಿದ್ರೆ, ಹಲ್ಲುಗಳು ಕೊಕ್ಕೆ ಥರ ಬಾಗಿದ್ರೆ, ಚೈನ್, ಸ್ಪ್ರಾಕೆಟ್ ಸೇರಿ ಪೂರ್ತಿ ಕಿಟ್ ಬದಲಾಯಿಸಿ, ಚೈನ್ ಒಂದೇ ಬದಲಾಯಿಸಿದ್ರೆ ಹಳೇ ಹಲ್ಲು ಹೊಸ ಚೈನನ್ನ ಬೇಗ ತಿನ್ನುತ್ತೆ.

ಬ್ರೇಕ್: ಡ್ರಮ್ ಪ್ಲೇಟ್ ಮೇಲೆ ಬಾಣದ ಗುರುತು ಇರುತ್ತೆ. ಬ್ರೇಕ್ ಪೂರ್ತಿ ಒತ್ತಿದಾಗ ಲಿವರ್ ಬುಡದ ಸೂಚಕ ಆ ಬಾಣಕ್ಕೆ ಸೇರಿದ್ರೆ ಶೂ ಮುಗಿದಿದೆ ಅಂತ ಅರ್ಥ. ಇಲ್ಲಿ ಒಂದು ಅಪಾಯದ ಅಭ್ಯಾಸ ಇದೆ, ದಯವಿಟ್ಟು ಗಮನಿಸಿ. ಶೂ ಸವೆದು ನಟ್ ತಿರುಗಿಸೋಕೆ ಜಾಗ ಇಲ್ಲದಾಗ ಕೆಲವರು ಆ ಚಿಕ್ಕ ಲಿವರನ್ನ ಬಿಚ್ಚಿ ಒಂದು ಹಲ್ಲು ಮುಂದೆ ಕೂರಿಸ್ತಾರೆ. ಬ್ರೇಕ್ ಆ ದಿನ ಹಿಡಿಯುತ್ತೆ, ಆದ್ರೆ ಒಳಗೆ ಲೈನಿಂಗ್ ಇರಲ್ಲ, ಶೂಗಳನ್ನ ಅಗಲಿಸೋ ಕ್ಯಾಮ್ ಪೂರ್ತಿ ತಿರುಗಿ ಸಿಕ್ಕಿಕೊಂಡ್ರೆ ಚಕ್ರ ಲಾಕ್ ಆಗುತ್ತೆ. ಹಳೇ ಗಾಡಿ ಕೊಂಡವರು ಡ್ರಮ್ ಬಿಚ್ಚಿಯೇ ನೋಡಿ, ಸೂಚಕ ನಂಬಬೇಡಿ. ಬಿಚ್ಚಿದಾಗ ಕ್ಯಾಮ್‌ಗೆ ಚೂರೇ ಚೂರು ಗ್ರೀಸ್, ಶೂ ಮೇಲೆ ಬೆರಳಿನ ಜಿಡ್ಡೂ ತಾಗಬಾರದು.

ಸೆಟ್ಟಿಂಗ್ ಬಹಳಷ್ಟು ಗಾಡಿಗೆ ಮುಂದಿನ ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್, ಹಿಂದಿನ ಪೆಡಲ್‌ಗೆ 20ರಿಂದ 30 ಫ್ರೀ ಪ್ಲೇ, ಅಂದ್ರೆ ಬ್ರೇಕ್ ಹಿಡಿಯೋಕೆ ಮುಂಚಿನ ಖಾಲಿ ಆಟ. ಆಮೇಲೆ ಚಕ್ರ ಕೈಯಲ್ಲಿ ತಿರುಗಿಸಿ, ಎಲ್ಲೂ ಉಜ್ಜಬಾರದು. ಹಿಂದಿನ ಡ್ರಮ್ ಪ್ಲೇಟ್ ಹಿಡಿದುಕೊಂಡಿರೋ ಟಾರ್ಕ್ ರಾಡ್ ಇದ್ಯಲ್ಲ, ಅದರ ನಟ್‌ಗೆ ಸ್ಪ್ಲಿಟ್ ಪಿನ್ ಇದೆಯಾ ನೋಡಿ. ಎರಡು ರೂಪಾಯಿಯ ಪಿನ್ ಅದು, ಅದಿಲ್ಲದೆ ನಟ್ ಉದುರಿದ್ರೆ ಬ್ರೇಕ್ ಹಿಡಿದ ಕ್ಷಣ ಇಡೀ ಪ್ಲೇಟೇ ಚಕ್ರದ ಜೊತೆ ತಿರುಗಿಬಿಡುತ್ತೆ. ಡಿಸ್ಕ್ ಬ್ರೇಕ್ ಇದ್ದವರು ಪ್ಯಾಡ್ ದಪ್ಪ, ಹೋಸ್ ಬಿರುಕು ನೋಡಿ, ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಬದಲಾಯಿಸಿ.

## 6. ಬ್ಯಾಟರಿ ಮೊದಲು, ಬಲ್ಬ್ ಆಮೇಲೆ

ಹಾರ್ನ್ ಕೂಗ್ತಿಲ್ಲ ಅಂತ ಹೊಸ ಹಾರ್ನ್ ತರ್ತಾರೆ, ಇಂಡಿಕೇಟರ್ ಮಿಣುಕ್ತಿಲ್ಲ ಅಂತ ಫ್ಲಾಶರ್ ತರ್ತಾರೆ, ಕೊನೆಗೆ ನೋಡಿದ್ರೆ ಬ್ಯಾಟರಿ ಸತ್ತಿರುತ್ತೆ. ಗಾಡಿ ರಾತ್ರಿಯಿಡೀ ನಿಂತ ಮೇಲೆ 12.4 ವೋಲ್ಟ್‌ಗಿಂತ ಮೇಲಿರಬೇಕು, ಇಂಜಿನ್ ರೇಸ್ ಮಾಡಿದಾಗ 13.5ರಿಂದ 14.5 ಒಳಗೆ. ರೇಸ್ ಮಾಡಿದ್ರೂ ಏರದಿದ್ರೆ ಚಾರ್ಜಿಂಗ್ ಸಮಸ್ಯೆ, 15 ದಾಟಿದ್ರೆ ರೆಕ್ಟಿಫೈಯರ್ ಹೋಗಿದೆ, ಎಷ್ಟು ಬಲ್ಬ್ ಹಾಕಿದ್ರೂ ಸುಡುತ್ತೆ.

ಆಮೇಲೆ ಒಂದೊಂದೇ ಪರೀಕ್ಷೆ ಮಾಡಿ, ಹೈ, ಡಿಮ್, ಪಾರ್ಕಿಂಗ್, ಟೈಲ್, ನಾಲ್ಕೂ ಇಂಡಿಕೇಟರ್, ಹಾರ್ನ್, ನಂಬರ್ ಪ್ಲೇಟ್ ಮೇಲೆ ಬೀಳೋ ಬೆಳಕು. ಬ್ರೇಕ್ ಲೈಟ್ ಪೆಡಲ್‌ನಿಂದಲೂ ಹತ್ತಬೇಕು, ಮುಂದಿನ ಲಿವರ್‌ಗೆ ಸ್ವಿಚ್ ಇರೋ ಗಾಡಿಲಿ ಅಲ್ಲಿಂದಲೂ ಹತ್ತಬೇಕು. ಪೆಡಲ್ ಸೆಟ್ಟಿಂಗ್ ಬದಲಾದ್ರೆ ಸ್ವಿಚ್ಚಿನ ಸ್ಪ್ರಿಂಗ್ ಎಳೆತನೂ ಬದಲಾಗುತ್ತೆ, ಅದಕ್ಕೇ ಇದು ಬ್ರೇಕ್ ಆದ ಮೇಲೆ. ಒಂದು ಕಡೆ ಇಂಡಿಕೇಟರ್ ಜೋರಾಗಿ ಮಿಣುಕಿದ್ರೆ ಆ ಕಡೆ ಒಂದು ಬಲ್ಬ್ ಹೋಗಿದೆ ಅಥವಾ ವಾಟ್ ತಪ್ಪಿದೆ. ಟೈಲ್ ಲೈಟ್ ಒಮ್ಮೆ ಹತ್ತಿ ಒಮ್ಮೆ ಆರಿದ್ರೆ ಬಲ್ಬ್ ಹೋಲ್ಡರ್ ಮತ್ತೆ ಅರ್ಥ್ ವೈರಿನ ತುಕ್ಕು ಕೆರೆದು ನೋಡಿ.

ಹಳೇ ಗಾಡಿಗಳಲ್ಲಿ ಹೆಡ್‌ಲೈಟ್ ನೇರ ಇಂಜಿನ್‌ನಿಂದ ಉರಿಯುತ್ತೆ, ಐಡಲ್‌ನಲ್ಲಿ ಮಂಕಾಗೋದು ಸಹಜ. ಅದಕ್ಕಂತ ಕಣ್ಣು ಕುಕ್ಕೋ ಬಿಳಿ ಎಲ್‌ಇಡಿ ಹಾಕಿಸ್ಬೇಡಿ, ಆ ರಿಫ್ಲೆಕ್ಟರ್ ಅದಕ್ಕೆ ಮಾಡಿದ್ದಲ್ಲ, ಬೆಳಕು ಎದುರಿನವರ ಮುಖಕ್ಕೆ ಹೋಗುತ್ತೆ. ಟೈರ್ ಗಾಳಿ ಸರಿ ಮಾಡಿ, ಒಬ್ಬರು ಕೂತು, ಗೋಡೆ ಮುಂದೆ ಡಿಮ್ ಹಾಕಿ ನೋಡಿ, ಬೆಳಕು ಲೈಟಿನ ಎತ್ತರಕ್ಕಿಂತ ಕೆಳಗೆ ಬೀಳಬೇಕು.

## 7. ಹೊಗೆ ಮತ್ತು ಎಮಿಷನ್

ಬೆಳಗಿನ ಚಳೀಲಿ ಸ್ವಲ್ಪ ಹೊತ್ತು ಬಿಳಿ ಆವಿ ಬಂದು ನಿಂತ್ರೆ ಚಿಂತೆ ಬೇಡ. ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಅಂದ್ರೆ ಹೆಚ್ಚಾಗಿ ವಾಲ್ವ್ ಸೀಲ್, ಆಕ್ಸಿಲರೇಟರ್ ಕೊಟ್ಟಾಗೆಲ್ಲ ನೀಲಿ ಅಂದ್ರೆ ರಿಂಗ್ ಅಥವಾ ಬೋರ್. ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಏರ್ ಫಿಲ್ಟರ್, ಚೋಕ್ ನೋಡಿ. ದಪ್ಪ ಆಯಿಲ್ ಹಾಕಿ ನೀಲಿ ಹೊಗೆ ಮುಚ್ಚೋದು ಒಂದು ದಿನದ ಮಾತು, ಹತ್ತು ದಿನಕ್ಕೆ ಮತ್ತೆ ಬರುತ್ತೆ.

2000ದ ಏಪ್ರಿಲ್ ನಂತರದ, ಬಿಎಸ್ 4 ಅನ್ನೋ ಹೊಗೆ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಬೈಕಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 3.5 ಪರ್ಸೆಂಟ್, ಹೈಡ್ರೋಕಾರ್ಬನ್ ಫೋರ್ ಸ್ಟ್ರೋಕ್‌ಗೆ 4500 ಪಿಪಿಎಂ, ಟೂ ಸ್ಟ್ರೋಕ್‌ಗೆ 6000 ಮಿತಿ. ಎಮಿಷನ್ ಚೀಟಿಲಿ ಈ ಎರಡು ಅಂಕಿ ಓದೋಕೆ ಕಲಿತ್ರೆ ಅರ್ಧ ಟ್ಯೂನಿಂಗ್ ಕಲಿತಂಗೆ. ಮೊನಾಕ್ಸೈಡ್ ಜಾಸ್ತಿ ಅಂದ್ರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ ಅಂದ್ರೆ ಪೆಟ್ರೋಲ್ ಸರಿಯಾಗಿ ಉರೀತಿಲ್ಲ, ಪ್ಲಗ್, ವಾಲ್ವ್ ಕ್ಲಿಯರೆನ್ಸ್ ಕಡೆ ಹೋಗಿ.

ಕ್ರಮ ಹೀಗೆ: ಸೈಲೆನ್ಸರ್ ಲೀಕ್ ಮುಚ್ಚಿಸಿ, ಏರ್ ಫಿಲ್ಟರ್, ಪ್ಲಗ್, ವಾಲ್ವ್, ಆಯಿಲ್, ಎಲ್ಲಾ ಆದ ಮೇಲೆ ಕೊನೆಗೆ ಕಾರ್ಬೊರೇಟರ್ ಸ್ಕ್ರೂ. ಬಯಲುಸೀಮೆ ಧೂಳಲ್ಲಿ ಓಡಿದ ಗಾಡಿಗಳಲ್ಲಿ ಫಿಲ್ಟರ್ ಬದಲಾಯಿಸಿದ್ರೇ ಎಷ್ಟೋ ಸಲ ಸರಿಹೋಗುತ್ತೆ. ಸ್ಕ್ರೂ ಮುಟ್ಟೋ ಮುಂಚೆ ಅದು ಎಲ್ಲಿದೆ ನೋಡಿ, ಏರ್ ಫಿಲ್ಟರ್ ಕಡೆ ಇದ್ರೆ ಅದು ಗಾಳಿ ಸ್ಕ್ರೂ, ಬಿಚ್ಚಿದ್ರೆ ಪೆಟ್ರೋಲ್ ಪಾಲು ಕಡಿಮೆ ಆಗುತ್ತೆ, ಇಂಜಿನ್ ಕಡೆ ಇದ್ರೆ ಬಿಚ್ಚಿದಷ್ಟೂ ಪೆಟ್ರೋಲ್ ಜಾಸ್ತಿ. ಇದು ಗೊತ್ತಿಲ್ಲದೆ ಉಲ್ಟಾ ತಿರುಗಿಸೋರೇ ಜಾಸ್ತಿ. ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ತಿರುಗಿಸಬೇಡಿ. ಎಮಿಷನ್ ಸೆಂಟರ್‌ಗೆ ಹೋಗೋ ಮುಂಚೆ ಹದಿನೈದು ನಿಮಿಷ ಓಡಿಸಿ, ತಣ್ಣಗಿರೋ ಇಂಜಿನ್ ಸುಳ್ಳು ಅಂಕಿ ಕೊಡುತ್ತೆ.

## 8. ಪ್ಲೇಟ್, ಸಾರಿ ಗಾರ್ಡ್, ಮಿರರ್

2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಗೂ ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಕಡ್ಡಾಯ. ಹಿಂದಿನ ಪ್ಲೇಟಿನ ಲಾಕ್ ಒಮ್ಮೆ ಬಿಚ್ಚಿದ್ರೆ ಮತ್ತೆ ಕೂರಲ್ಲ, ಹಾಗಾಗಿ ಮಡ್‌ಗಾರ್ಡ್ ಒಡೆದಿದ್ರೆ, ಬ್ರಾಕೆಟ್ ತುಕ್ಕು ಹಿಡಿದಿದ್ರೆ ಮೊದಲು ಅದನ್ನ ಬದಲಾಯಿಸಿ ಆಮೇಲೆ ಪ್ಲೇಟ್ ಹಾಕಿಸಿ.

ಹಿಂದೆ ಕೂರೋರಿಗೆ ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧವಾದ್ರೂ ಮುಚ್ಚೋ ಸಾರಿ ಗಾರ್ಡ್, ಇಷ್ಟೂ ನಿಯಮದಲ್ಲೇ ಇದೆ. ಚೆಂದಕ್ಕೆ ಅಂತ ಬಿಚ್ಚಿ ಅಟ್ಟದ ಮೇಲೆ ಹಾಕಿದ್ರೆ ಇಳಿಸಿ ಹಾಕಿ. ಸೆರಗು, ವೇಲ್ ಚಕ್ರಕ್ಕೆ ಸಿಕ್ಕಿ ಬಿದ್ದೋರನ್ನ ನೋಡಿದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಕಂಪನಿ ಸೈಲೆನ್ಸರ್, ಕಂಪನಿ ಹ್ಯಾಂಡಲ್, ಎರಡು ಮಿರರ್, ಕೆಲಸ ಮಾಡೋ ಸ್ಪೀಡೋಮೀಟರ್.

## 9. ಅರ್ಜಿ ಮತ್ತು ಆ ದಿನ

ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿರಲಿ. ಈ ವಯಸ್ಸಿನ ಗಾಡಿಯ ಎಮಿಷನ್ ಚೀಟಿ ಆರು ತಿಂಗಳಿಗೇ ಮುಗಿಯುತ್ತೆ, ಅಪಾಯಿಂಟ್‌ಮೆಂಟ್ ದಿನದವರೆಗೂ ಇರುತ್ತಾ ಅಂತ ಲೆಕ್ಕ ಹಾಕಿ. ಪರಿವಾಹನ್ ಸೈಟಲ್ಲಿ ಅರ್ಜಿ ತುಂಬಿ, ಫೀ ಕಟ್ಟಿ, ಪ್ರಿಂಟ್ ತೆಗೆದು, ಪೆನ್ಸಿಲ್ ಪ್ರಿಂಟ್ ಸೇರಿಸಿ. ಗಾಡಿ ಈಗ ಎಲ್ಲಿದೆಯೋ ಆ ವ್ಯಾಪ್ತಿಯ ಆರ್‌ಟಿಓನಲ್ಲಿ ಅರ್ಜಿ ಹಾಕೋಕೆ ನಿಯಮ ಇದೆ.

ವಾಟರ್ ಸರ್ವಿಸ್ ಎರಡು ದಿನ ಮುಂಚೆ ಮಾಡಿಸಿ. ಅವತ್ತೇ ಬೆಳಗ್ಗೆ ಮಾಡಿಸಿದ್ರೆ ಡ್ರಮ್ಮಿಗೆ ನೀರು ಹೋಗಿ ಬ್ರೇಕ್ ಹಿಡಿಯಲ್ಲ, ಪ್ಲಗ್ ಕ್ಯಾಪ್‌ಗೆ ಹೋಗಿ ಮಿಸ್ ಹೊಡೆಯುತ್ತೆ. ಹಿಂದಿನ ಸಂಜೆ ಮತ್ತೊಂದು ಸಲ ಎಲ್ಲಾ ಲೈಟ್ ಹಾಕಿ ನೋಡಿ, ಒಂದು ಇಂಡಿಕೇಟರ್ ಬಲ್ಬ್ ಜೇಬಲ್ಲಿರಲಿ, ಜೊತೆಗೆ ಒಂದು ಸ್ಕ್ರೂಡ್ರೈವರ್.

ಬ್ರೇಕ್ ಇನ್ಸ್‌ಪೆಕ್ಟರ್ (ತಪಾಸಣೆ ಮಾಡೋ ಆರ್‌ಟಿಓ ಅಧಿಕಾರಿ) ಗಾಡಿ ನೋಡೋವಾಗ ಪಕ್ಕದಲ್ಲೇ ಇರಿ. ಏನಾದ್ರೂ ಸರಿಯಿಲ್ಲ ಅಂದ್ರೆ ವಾದ ಬೇಡ, "ಸಾರ್, ಏನೇನು ಸರಿ ಮಾಡಿಸ್ಬೇಕು ಬರೆದುಕೊಡಿ" ಅಂತ ಕೇಳಿ. ಅಷ್ಟನ್ನ ಮಾಡಿಸಿ ಮತ್ತೆ ಹೋಗಿ, ಆ ಪಟ್ಟಿ ಕೈಲಿಲ್ಲದೆ ಗ್ಯಾರೇಜಿಗೆ ಹೋದ್ರೆ ಅವರು ಬೇರೇನೋ ಬಿಚ್ತಾರೆ.

ಹೊಸ ಆರ್‌ಸಿ ಕೈಗೆ ಬಂದ ದಿನ ಕವರ್ ಒಳಗೆ ಹಾಗೇ ಇಡಬೇಡಿ. ಅವಧಿ 5 ವರ್ಷ ಮುಂದಕ್ಕೆ ಹೋಗಿದೆಯಾ, ಬ್ಯಾಂಕ್ ಹೆಸರು ತೆಗೆದಿದ್ದಾರಾ, ಚಾಸಿ ನಂಬರಿನ 17 ಅಕ್ಷರನೂ ನಿಮ್ಮ ಪೆನ್ಸಿಲ್ ಪ್ರಿಂಟಿಗೆ ಹೊಂದುತ್ತಾ ಅಂತ ಅಲ್ಲೇ ನಿಂತು ನೋಡಿ, ತಪ್ಪಿದ್ರೆ ಅವತ್ತೇ ತಿದ್ದಿಸೋಕೆ ಹೇಳಿ.